ಮಗಳಿಗೊಂದು ಪತ್ರ: ಬಟ್ಟೆಯೊಳಗಿನ ಜೋಡಣೆ

ಪುಟ್ಟಿ,

ನೀನು ಕಳಿಸಿದ ಸ್ಟೂಲಿನ ಚಿತ್ರ ನೋಡಿದೆ. ನಾಲ್ಕೂ ಕಾಲಿಗೆ ತೂತು ಕೊರೆದು, ಅಡ್ಡಮರದ ನಾಲಗೆ ಹೊರಗೆ ಕಾಣುವ ಹಾಗೆ ಕೂರಿಸ್ತೀನಿ ಅಂದಿದ್ದೀಯಲ್ಲ, ಯಾರಿಗೆ ಕಾಣಲಿ ಅಂತ? ಫೋಮು ಹಾಕಿ ಬಟ್ಟೆ ಎಳೆದು ಹೊಡೆದ ಮೇಲೆ ಅದು ನಿನಗೂ ಕಾಣೋದಿಲ್ಲ. ಮೊದಲ ಸಲಕ್ಕೆ ಡೋವೆಲ್ (ಎರಡು ಮರದ ತೂತಿಗೂ ಸೇರಿಸಿ ಕೂರಿಸುವ ಗುಂಡನೆಯ ಮರದ ಗೂಟ), ಅಂಟು, ಒಳಮೂಲೆಗೊಂದು ಮರದ ತುಂಡು ಸಾಕು.

ಅಂದವಾಗಿಲ್ಲದಿದ್ದರೂ ಪರವಾಗಿಲ್ಲ, ಗಟ್ಟಿಯಾಗಿರಲೇಬೇಕು. ಕುಶನ್ ಸೀಟಿನ ಚೌಕಟ್ಟಿಗೆ ಕೂತವರ ಭಾರ ಒಂದೇ ಅಲ್ಲ. ಫೋಮನ್ನು ಕೆಳಗಿನಿಂದ ಹೊರಲು ಅಡ್ಡಮರಗಳ ಮೇಲೆ ಬಿಗಿದು ಹೊಡೆದ ವೆಬ್ಬಿಂಗ್ ಪಟ್ಟಿ, ಯಾರೂ ಕೂರದಿದ್ದಾಗಲೂ ಅಡ್ಡಮರಗಳನ್ನು ಒಳಕ್ಕೆ ಜಗ್ಗುತ್ತಲೇ ಇರುತ್ತದೆ. ಅದಕ್ಕೇ 25 ಮಿ.ಮೀ. ದಪ್ಪದ ಗಟ್ಟಿ ಮರ ತಗೋ. ಪ್ಲೈವುಡ್ ಬೇಡ, ಅದರ ಅಂಚಿಗೆ ಮೊಳೆ ಹೊಡೆದರೆ ಪದರ ಬಿಟ್ಟುಕೊಳ್ಳುತ್ತದೆ.

ಅಡ್ಡಮರದ ಕೊಯ್ದ ತುದಿಗೆ ಬರೀ ಅಂಟು ಹಚ್ಚಿದರೆ ನಿಲ್ಲೋದಿಲ್ಲ, ಆ ತುದಿ ಅಂಟನ್ನು ಕುಡಿದುಬಿಡುತ್ತದೆ. ಡೋವೆಲ್ ಬೇಕಾಗೋದು ಇಲ್ಲಿಯೇ. ಜೋಡಣೆಗೆ ಎರಡೆರಡು ಹಾಕು. ಒಂದೇ ಆದರೆ ಅಡ್ಡಮರ ತಿರುಗುತ್ತದೆ. 10 ಮಿ.ಮೀ.ನದು, ಮೈಮೇಲೆ ಗೀರು ಇರುವಂಥದ್ದು ಸಿಕ್ಕರೆ ಒಳ್ಳೆಯದು, ಹೆಚ್ಚಿದ ಅಂಟು ಆ ಗೀರಿನಲ್ಲಿ ಹೊರಬರುತ್ತದೆ. ತೂತು ಎರಡೂ ಕಡೆ ಡೋವೆಲ್ ಒಳಹೋಗುವುದಕ್ಕಿಂತ ಒಂದೊಂದು ಮಿ.ಮೀ. ಹೆಚ್ಚು ಆಳ ಇರಲಿ. ಡ್ರಿಲ್ ಬಿಟ್ಟಿಗೆ ಅಷ್ಟು ಆಳದ ಗುರುತಿಗೆ ಅಂಟುವ ಟೇಪ್ ಸುತ್ತಿಕೊಂಡರೆ ಆಳದ ಲೆಕ್ಕ ತಪ್ಪೋದಿಲ್ಲ. ಇನ್ನೊಂದು, ಒಂದೇ ಕಾಲಿಗೆ ಎರಡು ಕಡೆಯಿಂದ ಅಡ್ಡಮರ ಬರುತ್ತದಲ್ಲ, ಆ ತೂತುಗಳು ಒಂದೇ ಎತ್ತರದಲ್ಲಿದ್ದರೆ ಒಳಗೆ ಡಿಕ್ಕಿ ಹೊಡೆಯುತ್ತವೆ. ಒಂದು ಜೊತೆ ಸ್ವಲ್ಪ ಮೇಲಿರಲಿ, ಇನ್ನೊಂದು ಕೆಳಗೆ.

ಒಳಮೂಲೆಯ ತುಂಡನ್ನು ಮಾತ್ರ ಬಿಡಬೇಡ. ಎರಡೂ ತುದಿ 45 ಡಿಗ್ರಿಗೆ ಕೊಯ್ದು, ಅಂಟು ಹಚ್ಚಿ, ಎರಡೂ ಅಡ್ಡಮರಕ್ಕೆ ಸ್ಕ್ರೂ ಹಾಕು. ಮೊದಲು ಸಣ್ಣ ತೂತು ಕೊರೆದುಕೋ, ಇಲ್ಲದಿದ್ದರೆ ಮರ ಸೀಳುತ್ತದೆ. ಸ್ಟೂಲು ಅಲ್ಲಾಡದೆ ನಿಲ್ಲೋದರಲ್ಲಿ ಅರ್ಧ ಪುಣ್ಯ ಈ ತುಂಡಿನದೇ.

ಕ್ಲ್ಯಾಂಪ್ ಬಿಗಿದ ಕೂಡಲೇ ಮೂಲೆಯಿಂದ ಎದುರು ಮೂಲೆಗೆ ಅಳತೆ ಟೇಪ್ ಓರೆಯಾಗಿ ಹಿಡಿದು ಎರಡು ಕಡೆಯೂ ಅಳೆ. ಎರಡೂ ಅಳತೆ ಒಂದೇ ಬಂದರೆ ಚೌಕ ಸರಿ ಇದೆ. ಇಲ್ಲದಿದ್ದರೆ ಅಂಟು ಹಸಿ ಇರುವಾಗಲೇ ಉದ್ದ ಬಂದ ಕಡೆಯಿಂದ ಒತ್ತಿ ಸರಿಮಾಡು. ಪೂರ್ತಿ ಒಂದು ದಿನ ಒಣಗುವ ತನಕ ವೆಬ್ಬಿಂಗ್ ಪಟ್ಟಿ ಮುಟ್ಟಬೇಡ.

ಪ್ರೀತಿಯಿಂದ,
ಅಪ್ಪ