ಜವಾರಿ ಚೀಟಿಯ ಕೆಳಗೆ ಹೈಬ್ರಿಡ್ ಬೀಜ

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ದಿನಾಂಕ: ಮೇ 31

ವಿಷಯ: ಜವಾರಿ ಎಂದು ಹೈಬ್ರಿಡ್ ತರಕಾರಿ ಬೀಜ ಕಳಿಸಿದ್ದು, ಫೋನಿನಲ್ಲಿ ಅವಮಾನ ಮಾಡಿದ್ದು

ಮಾನ್ಯರೇ,

ನಿಮ್ಮ ಗ್ರಾಹಕ ಸೇವೆಗೆ ಐದು ಸಲ ಫೋನ್ ಮಾಡಿದೆ. ಮೂರು ಮೇಲ್ ಹಾಕಿದೆ. ಬಹಳಷ್ಟು ಸಲ “ಎರಡು ದಿನದಲ್ಲಿ ತಿಳಿಸುತ್ತೇವೆ” ಅಂದಿರಿ. ಹದಿನೆಂಟು ದಿನ ಆಯಿತು. ಇನ್ನೊಂದು ವಾರಕ್ಕೆ ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುತ್ತದೆ, ನನ್ನ ಮಡಿಗಳು ಖಾಲಿ ಬಿದ್ದಿವೆ.

ನನ್ನ ಮನೆ ಬಾಗಲಕೋಟೆಯ ನವನಗರದಲ್ಲಿ. ಕೈತೋಟಕ್ಕೆ ನಾನು ಹೊಸಬಳು. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಹೋದಾಗ ನಮ್ಮ ಹಿತ್ತಲೂ ಹೋಯಿತು. ಅಲ್ಲಿ ನಮ್ಮ ಆಯಿ ಬೀಜಕ್ಕೆಂದೇ ಒಂದೆರಡು ಹೀರೇಕಾಯಿ ಬಳ್ಳಿಯಲ್ಲೇ ಒಣಗಲು ಬಿಡುತ್ತಿದ್ದಳು. ಬದನೆ ಬೀಜ ಬೂದಿಯಲ್ಲಿ ಕಲಸಿ ಗಡಿಗೆಯಲ್ಲಿ ಇಡುತ್ತಿದ್ದಳು. ಆ ಬೀಜ ಯಾವುದೂ ಉಳಿಯಲಿಲ್ಲ. “ಅಪ್ಪಟ ಜವಾರಿ, ಮುಂದಿನ ವರ್ಷದ ಬೀಜ ನೀವೇ ಮಾಡಿಕೊಳ್ಳಿ” ಎಂದು ನೀವು ಬರೆದಿದ್ದು ನೋಡಿ ಆಯಿಯೇ ನೆನಪಾದಳು. ₹1,180 ಕೊಟ್ಟು ಏಳು ಪ್ಯಾಕೆಟ್ ತರಿಸಿದೆ. ಬೀಜ ಬರುವ ಮೊದಲೇ ಎರೆ ಮಣ್ಣು ಅಗೆದು, ಮರಳು, ತಿಪ್ಪೆಗೊಬ್ಬರ ಬೆರೆಸಿ ನಾಲ್ಕು ಮಡಿ ಮಾಡಿದೆ. ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು.

ಬದನೆ ಪ್ಯಾಕೆಟ್ ತೆರೆದರೆ ಬೀಜ ಗುಲಾಬಿ ಬಣ್ಣ. ಬೆರಳಿಗೆಲ್ಲ ಪುಡಿ ಹತ್ತಿತು. “ದೇಸಿ ಜವಾರಿ” ಎಂಬ ಹಸಿರು ಚೀಟಿಯ ಒಂದು ಮೂಲೆ ಎದ್ದಿತ್ತು. ಉಗುರಿನಿಂದ ಕೆರೆದೆ. ಕೆಳಗೆ “ಎಫ್-1 ಹೈಬ್ರಿಡ್” ಎಂದಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಥೈರಾಮ್ (ಬೂಷ್ಟು ತಡೆಯುವ ಔಷಧ) ಲೇಪಿಸಿದೆ, ವಿಷ ಎಂದಿತ್ತು. ಏಳರಲ್ಲಿ ನಾಲ್ಕು ಪ್ಯಾಕೆಟ್ ಹೀಗೇ ಇವೆ. ನನ್ನ ನಾಲ್ಕು ವರ್ಷದ ಮಗಳು ಪಕ್ಕದಲ್ಲೇ ಕೂತು ಆ ಬೀಜ ಎಣಿಸುತ್ತಿದ್ದಳು. ಓಡಿ ಹೋಗಿ ಎರಡು ಸಲ ಸೋಪು ಹಾಕಿ ಅವಳ ಕೈ ತೊಳೆದೆ. ಔಷಧ ಹಚ್ಚಿದ ಬೀಜ ಮಾರುವಾಗ ಅದನ್ನು ಲೇಬಲ್ ಮೇಲೆ ಹೇಳಲೇಬೇಕು ಎಂದು 1968ರ ಬೀಜ ನಿಯಮಗಳಲ್ಲಿದೆ. ಬೀಜ ಮಾರುವ ನಿಮಗೆ ಅದು ಗೊತ್ತಿರುತ್ತದೆ. ಗೊತ್ತಿದ್ದೂ ಅದರ ಮೇಲೆ ಚೀಟಿ ಅಂಟಿಸಿದ್ದು ಯಾರು?

ಇನ್ನು ಮೇ 29ರ ಫೋನು. ಇದನ್ನು ಪೂರ್ತಿ ಬರೆಯುತ್ತೇನೆ, ಯಾಕಂದರೆ ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಮಡಿಯ ಪಕ್ಕದಲ್ಲೇ ನಿಂತು ಸ್ಪೀಕರ್ ಹಾಕಿ ಮಾತಾಡುತ್ತಿದ್ದೆ. ನಮ್ಮ ಅತ್ತೆಯವರು ಕಟ್ಟೆ ಮೇಲೆ ಕೂತಿದ್ದರು.

“ಪ್ಯಾಕೆಟ್ ಓಪನ್ ಮಾಡುವಾಗ ವಿಡಿಯೋ ಮಾಡಿದ್ರಾ ಮೇಡಂ?”

“ಇಲ್ರೀ. ಬೀಜದ ಪ್ಯಾಕೆಟ್ ತೆಗೆಯುವಾಗ ಯಾರು ವಿಡಿಯೋ ಮಾಡ್ತಾರ್ರೀ?”

“ಹಾಗಾದ್ರೆ ರಿಟರ್ನ್ ಆಗಲ್ಲ. ಓಪನ್ ಆಗಿದೆಯಲ್ಲ.”

“ಒಡೆಯದೇ ಬೀಜ ನೋಡೂದು ಹೆಂಗ್ರೀ?”

“ಮೇಡಂ, ನೀವು ಹೊಸಬರು ಅನ್ಸುತ್ತೆ. ಹೈಬ್ರಿಡ್ ಜಾಸ್ತಿ ಕಾಯಿ ಬಿಡುತ್ತೆ. ನಿಮಗೇ ಲಾಭ.”

“ನನಗೆ ಜಾಸ್ತಿ ಕಾಯಿ ಬ್ಯಾಡ್ರೀ. ಬೀಜ ಉಳಿಸಿಕೋಬೇಕು.”

“ಯಾಕೆ ಉಳಿಸ್ಬೇಕು? ವರ್ಷವರ್ಷ ನಮ್ಮ ಹತ್ರ ತಗೊಳ್ಳಿ.”

ಹೈಬ್ರಿಡ್ ಗಿಡದಿಂದ ತೆಗೆದ ಬೀಜ ತಾಯಿಯ ಹಾಗೆ ಬರುವುದಿಲ್ಲ, ಗಿಡಕ್ಕೊಂದು ನಮೂನಿ ಕಾಯಿ ಬಿಡುತ್ತದೆ, ಇಷ್ಟು ನನ್ನಂಥ ಹೊಸಬಳಿಗೂ ಗೊತ್ತಿದೆ ಅಂದೆ. “ಲೈನಲ್ಲಿರಿ” ಅಂದರು. ಇಪ್ಪತ್ತಮೂರು ನಿಮಿಷ ಬಿಸಿಲಿನಲ್ಲಿ ನಿಂತು ಸಂಗೀತ ಕೇಳಿದೆ. ಆಮೇಲೆ ಸಂಗೀತ ನಿಂತಿತು. ಅವರು ಪಕ್ಕದವರಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: “ಅದೇ ಜವಾರಿ ಆಂಟಿ, ಮತ್ತೆ ಶುರು.” ಮೂರ್ನಾಲ್ಕು ಜನ ನಕ್ಕರು. “ಕೇಳಿಸ್ತರೀ ನನಗೆ” ಅಂದೆ. ಒಂದು ಕ್ಷಣ ಸುಮ್ಮನಿದ್ದು, “ಇನ್ನೇನಾದ್ರೂ ಸಹಾಯ ಬೇಕಾ ಮೇಡಂ?” ಅಂದರು. ತಪ್ಪಾಯಿತು ಎನ್ನುವ ಒಂದು ಮಾತೂ ಇಲ್ಲ. ಅತ್ತೆಯವರು “ಸಾಕ ಬಿಡವ್ವಾ, ಫೋನ್ ಇಡು” ಅಂದರು. ಅವರ ಮುಂದೆ ನನ್ನ ಕಣ್ಣು ತುಂಬಿ ಬಂತು.

ಜವಾರಿ ಎನ್ನುವುದು ನಮ್ಮ ಕಡೆ ನಗುವ ಮಾತಲ್ಲ. ಆ ಮಾತು ಇಟ್ಟುಕೊಂಡೇ ನೀವು ದುಡ್ಡು ಮಾಡುತ್ತಿದ್ದೀರಿ. ಬೀಜ ಉಳಿಸಿ, ಬಿತ್ತಿ, ಹಂಚಿಕೊಳ್ಳುವುದು ರೈತರ ಹಕ್ಕು ಎಂದು 2001ರಲ್ಲೇ ಕಾಯ್ದೆ ಆಗಿದೆ. ಯಾಕೆ ಉಳಿಸಬೇಕು ಎಂದು ಕೇಳುವವರನ್ನು ಬೀಜದ ಕಂಪನಿಯಲ್ಲಿ ಕೂರಿಸಬೇಡಿ.

ನನ್ನ ₹1,180 ವಾಪಸ್ ಬರಬೇಕು. ಆ ಚೀಟಿ ಎಲ್ಲೆಲ್ಲಿ ಅಂಟಿಸಿದ್ದೀರೋ ಆ ಪ್ಯಾಕೆಟ್ ಎಲ್ಲವನ್ನೂ ಮಾರಾಟದಿಂದ ತೆಗೆಯಬೇಕು. ನಕ್ಕವರು ನನಗೆ ಫೋನ್ ಮಾಡಿ ಕ್ಷಮೆ ಕೇಳಬೇಕು. ಜೂನ್ 7ರವರೆಗೆ ಕಾಯುತ್ತೇನೆ.

ಮರುದಿನವೇ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೋಗುತ್ತದೆ. ಬಾಗಲಕೋಟೆಯ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಕೇಸು ಹಾಕುತ್ತೇನೆ. ಐದು ಲಕ್ಷದೊಳಗಿನ ಕೇಸಿಗೆ ಅಲ್ಲಿ ಶುಲ್ಕವೂ ಇಲ್ಲ. 1966ರ ಬೀಜ ಕಾಯ್ದೆಯ ಪ್ರಕಾರ ಬೀಜ ನಿರೀಕ್ಷಕರಿಗೂ ಬರೆದು ಕೊಡುತ್ತೇನೆ. ಒಂದು ಪ್ಯಾಕೆಟ್ಟಿನ ಚೀಟಿ ಅರ್ಧ ಕೆರೆದಿದ್ದೇನೆ. ಉಳಿದ ಮೂರನ್ನು ಮೂಲೆ ಎತ್ತಿ ನೋಡಿ ಹಾಗೇ ಬಿಟ್ಟಿದ್ದೇನೆ. ಅವನ್ನು ನಿರೀಕ್ಷಕರೇ ಕೆರೆದು ನೋಡಲಿ.

ಇಂತಿ,
ನಿಮ್ಮ ಗ್ರಾಹಕಿ
ನವನಗರ, ಬಾಗಲಕೋಟೆ