ಹೊಸ ವರ್ಷಕ್ಕೆ ಒಂದೇ ಗುರಿ ಸಾಕು

ಸಂಪಾದಕರೇ,

ಕಳೆದ ಜನವರಿಯಲ್ಲಿ ಡೈರಿಯ ಮೊದಲ ಪುಟದಲ್ಲಿ 11 ಗುರಿ ಬರೆದಿದ್ದೆ: ಬೆಳಿಗ್ಗೆ 5ಕ್ಕೆ ಏಳುವುದು, ಓಟ, ಉಳಿತಾಯ, ಹೊಸ ಭಾಷೆ, ಇನ್ನೂ ಏನೇನೋ. ಫೆಬ್ರವರಿಗೆ ಒಂದೂ ಉಳಿಯಲಿಲ್ಲ. ಸೋಮಾರಿ ಅಂತ ನನ್ನನ್ನೇ ಬೈದುಕೊಂಡೆ, ಅದು ಪೂರ್ತಿ ನಿಜವಲ್ಲ. 2009ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಗಮನಿಸಿ, ದಿನಾ ಮಾಡುವ ಒಂದು ಕೆಲಸ ತಾನಾಗಿ ಅಭ್ಯಾಸವಾಗಲು ಸುಮಾರು 66 ದಿನ ಬೇಕೆಂದು ಕಂಡುಕೊಂಡರು. ಒಂದಕ್ಕೇ ಎರಡು ತಿಂಗಳು ಹಿಡಿದರೆ ಹನ್ನೊಂದನ್ನು ಒಟ್ಟಿಗೆ ತಲೆ ಮೇಲೆ ಹೇರಿಕೊಂಡು ಮಾಡುವುದೇನು? ನಡುವೆ ಒಂದು ದಿನ ತಪ್ಪಿದರೆ ಎಲ್ಲ ಕೆಟ್ಟುಹೋಗುವುದಿಲ್ಲ ಅಂತಲೂ ಅವರಿಗೆ ಗೊತ್ತಾಯಿತು. ಎಷ್ಟು ಸಮಾಧಾನ ಅಲ್ವಾ! ಈ ಸಲ ನನ್ನದು ಒಂದೇ, ರಾತ್ರಿ ಊಟದ ನಂತರ 20 ನಿಮಿಷ ನಡಿಗೆ. ಚಪ್ಪಲಿ ಬಾಗಿಲ ಹತ್ತಿರವೇ ಇಟ್ಟಿದ್ದೇನೆ.

– ಒಬ್ಬ ಓದುಗ