ಕಿವಿಗೆ ಎಣ್ಣೆ ಬಿಡುವ ಮೊದಲು ದಿನ ಎಣಿಸಿ

ಸಂಪಾದಕರಿಗೆ,

ಗಣೇಶನ ಹಬ್ಬ ಹತ್ತಿರವಾದಾಗ ಡಿಜೆ ಸದ್ದಿನ ವಿರುದ್ಧ ವಾಚಕರ ಪತ್ರಗಳು ಬರುತ್ತವೆ. ಮೂರ್ತಿ ನೀರಿಗಿಳಿದ ಮೇಲೆ ಕಿವಿಯ ವಿಷಯವೂ ಮುಳುಗುತ್ತದೆ. ವರ್ಷದ ಉಳಿದ ದಿನಗಳಲ್ಲಿ ಕಿವಿ ಮಂದವಾಗುವುದನ್ನು ಕಾಯಿಲೆ ಎಂದು ಎಣಿಸುವವರೇ ಕಡಿಮೆ. ಮಗುವಾದರೆ 'ಮಾತು ಸ್ವಲ್ಪ ತಡ', ನಡುವಯಸ್ಸಾದರೆ 'ಶೀತಕ್ಕೆ ಕಿವಿ ಕಟ್ಟಿದೆ', ಮುಪ್ಪಾದರೆ 'ವಯಸ್ಸಾಯ್ತಲ್ಲ'. ಮೂರಕ್ಕೂ ಮದ್ದು ಒಂದೇ: ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ಆಮೇಲೆ ಕಾದು ನೋಡುವುದು. ಎಣ್ಣೆಯೂ ಕೆಡುಕೇ, ಆದರೆ ಹೆಚ್ಚು ಹಾನಿ ಈ ಕಾಯುವುದರಿಂದ. ಕೆಲವು ಬಗೆಯ ಕಿವುಡಿಗೆ ದಿನಗಳ ಗಡುವು, ಕೆಲವಕ್ಕೆ ತಿಂಗಳುಗಳದು, ಕೆಲವಕ್ಕೆ ವರ್ಷಗಳದು.

ದಿನಗಳ ಗಡುವಿನದು ಮೊದಲು. ರಾತ್ರಿ ಮಲಗುವಾಗ ಸರಿಯಿದ್ದ ಒಂದು ಕಿವಿ ಬೆಳಗ್ಗೆ ಕೇಳುವುದಿಲ್ಲ. ಜೊತೆಗೆ ಗುಂಯ್ ಎನ್ನುವ ಸದ್ದು, ಕೆಲವರಿಗೆ ತಲೆಸುತ್ತು. ಎಷ್ಟೋ ಜನರಿಗೆ ಇದು ತಿಳಿಯುವುದು ಆ ಕಿವಿಗೆ ಫೋನ್ ಹಿಡಿದಾಗ. 72 ಗಂಟೆಗಳೊಳಗೆ, ಅಕ್ಕಪಕ್ಕದ ಮೂರು ಕಂಪನಾಂಕಗಳಲ್ಲಿ (ಸದ್ದಿನ ಸ್ಥಾಯಿಗಳಲ್ಲಿ) ಕೇಳುವ ಶಕ್ತಿ 30 ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಅಥವಾ ಅದಕ್ಕಿಂತ ಹೆಚ್ಚು ಕುಸಿದರೆ ಅದು ದಿಢೀರ್ ನರ ಕಿವುಡು. ಹೆಚ್ಚಿನವರಲ್ಲಿ ಕಾರಣ ಸಿಗುವುದೇ ಇಲ್ಲ. ಕೆಲವರಿಗೆ ತಾನಾಗಿಯೇ ಮರಳುತ್ತದೆ. ಯಾರಿಗೆ ಮರಳುತ್ತದೆ ಎಂದು ಮುಂಚೆ ಹೇಳಲಾಗದು. ಚಿಕಿತ್ಸೆ ಸ್ಟೀರಾಯ್ಡ್. ಪ್ರೆಡ್ನಿಸೊಲೋನ್ ಮಾತ್ರೆಯನ್ನು ಸಾಮಾನ್ಯವಾಗಿ ದೇಹದ ತೂಕದ ಕಿಲೋಗೆ 1 ಮಿಲಿಗ್ರಾಂನಂತೆ, ದಿನಕ್ಕೆ 60 ಮಿಲಿಗ್ರಾಂ ಮೀರದಂತೆ, 10ರಿಂದ 14 ದಿನ ಕೊಟ್ಟು ಹಂತಹಂತವಾಗಿ ಇಳಿಸುತ್ತಾರೆ. ಎರಡು ವಾರದೊಳಗೆ ಶುರುವಾದರೆ ಫಲದ ಆಸೆ ಹೆಚ್ಚು. ಮಾತ್ರೆ ಸಾಲದಿದ್ದರೆ ಕಿವಿ ತಮಟೆಯ ಮೂಲಕ ನಡುಗಿವಿಗೆ ಸ್ಟೀರಾಯ್ಡ್ ಚುಚ್ಚುವ ದಾರಿ ಇದೆ. ಅದಕ್ಕೂ ಆರು ವಾರದ ಆಚೆ ಅರ್ಥ ಕಡಿಮೆ. ಸಕ್ಕರೆ ಕಾಯಿಲೆಯವರಿಗೆ ಸ್ಟೀರಾಯ್ಡ್‌ನಿಂದ ಸಕ್ಕರೆ ಏರುತ್ತದೆ, ಹಾಗಾಗಿ ಇದು ಅಂಗಡಿಯಲ್ಲಿ ಕೇಳಿ ತಂದು ನುಂಗುವ ಮಾತ್ರೆಯಲ್ಲ. ಏರುತ್ತದೆಂದು ಹೆದರಿ ಬಿಡುವುದೂ ಬೇಡ, ಸಕ್ಕರೆ ನೋಡಿಕೊಳ್ಳುತ್ತಾ ಕೊಡಬಹುದು.

ಗುಗ್ಗೆ ಕಟ್ಟಿದೆಯೋ ನರವೇ ಕೈಕೊಟ್ಟಿದೆಯೋ ಎಂಬ ಸುಳಿವು ಮನೆಯಲ್ಲೇ ಸಿಗುತ್ತದೆ. ಬಾಯಿ ಮುಚ್ಚಿ 'ಮ್...' ಎಂದು ಗುನುಗಿ. ಸದ್ದು ಮಂದವಾದ ಕಿವಿಯಲ್ಲೇ ಜೋರಾಗಿ ಕೇಳಿದರೆ ತಡೆ ಹೊರಗಿವಿಯಲ್ಲೋ ನಡುಗಿವಿಯಲ್ಲೋ ಇರುವ ಸಾಧ್ಯತೆ ಹೆಚ್ಚು. ಚೆನ್ನಾಗಿರುವ ಕಿವಿಗೆ ಸರಿದರೆ ನರದ ಅನುಮಾನ. ಅಂದೇ ಕಿವಿ ಮೂಗು ಗಂಟಲು ವೈದ್ಯರ ಬಳಿ ಹೋಗಿ. ವೈದ್ಯರು 512 ಹರ್ಟ್ಸ್ ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ಹಣೆಗಿಟ್ಟು ನೋಡುವುದೂ ಇದನ್ನೇ. ಗುನುಗು ಏನೇ ಹೇಳಲಿ, ಯಾವ ಸ್ಥಾಯಿಯ ಸದ್ದು ಎಷ್ಟು ಕೇಳುತ್ತದೆ ಎಂದು ತೋರಿಸುವ ನಕ್ಷೆ, ಆಡಿಯೋಗ್ರಾಂ, ಆಗಲೇಬೇಕು.

ತಿಂಗಳುಗಳ ಗಡುವು ಶಿಶುಗಳದು. 'ಒಂದು, ಮೂರು, ಆರು' ಎಂಬುದು ಲೆಕ್ಕ. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಅನುಮಾನವಿದ್ದರೆ ಮೂರು ತಿಂಗಳೊಳಗೆ ಪೂರ್ಣ ಪರೀಕ್ಷೆ, ದೋಷ ಖಚಿತವಾದರೆ ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ. ಮೊದಲ ತಪಾಸಣೆಗೆ ಓಎಇ ಯಂತ್ರ ಸಾಕು. ಮಲಗಿದ ಮಗುವಿನ ಕಿವಿಗೆ ಪುಟ್ಟ ಬಿರಡೆ ಇಟ್ಟು, ಒಳಗಿವಿಯ ಕೂದಲ ಕೋಶಗಳು ಮರಳಿಸುವ ಸಣ್ಣ ಸದ್ದನ್ನು ಹಿಡಿಯುತ್ತದೆ. ನಾಲ್ಕೈದು ನಿಮಿಷದ ಕೆಲಸ, ನೋವಿಲ್ಲ. ಮಗು ಅತ್ತರೆ, ಕಿವಿಯಲ್ಲಿ ಹೆರಿಗೆಯ ನೀರು ಉಳಿದಿದ್ದರೆ ಫಲಿತಾಂಶ ತಪ್ಪಬಹುದು. ಹಾಗಾಗಿ ಒಮ್ಮೆ 'ಫೇಲ್' ಎಂದ ಮಾತ್ರಕ್ಕೆ ಗಾಬರಿ ಬೇಡ. ಆದರೆ ಎರಡನೇ ತಪಾಸಣೆಗೆ ಹೋಗದೆ ಉಳಿಯುವವರೇ ಬಹಳ.

ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಐದು ದಿನಕ್ಕಿಂತ ಹೆಚ್ಚು ಇದ್ದ ಮಗು, ಹುಟ್ಟಿದ ಕೂಡಲೇ ಅಳದ ಮಗು, ಕಾಮಾಲೆ ತೀರಾ ಏರಿ ರಕ್ತ ಬದಲಾಯಿಸಬೇಕಾದ ಮಗು, ಇವರಿಗೆ ಓಎಇ ಒಂದೇ ಸಾಲದು. ಕೂದಲ ಕೋಶ ಚೆನ್ನಾಗಿದ್ದು ನರ ಹಾಳಾಗಿದ್ದರೆ ಓಎಇ 'ಪಾಸ್' ಎನ್ನುತ್ತದೆ. ಬೇರಾ ಪರೀಕ್ಷೆ ಮಾಡಿಸಲೇಬೇಕು; ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಸದ್ದು ನರದಲ್ಲಿ ಮಿದುಳಕಾಂಡದವರೆಗೆ ಹೋಯಿತೇ ಎಂದು ನೋಡುತ್ತಾರೆ. ಯಾವ ಪರೀಕ್ಷೆ, ಯಾವ ಕಿವಿ, ಯಾವ ದಿನ ಎಂಬುದನ್ನು ತಾಯಿ ಕಾರ್ಡಿನಲ್ಲೋ ಡಿಸ್ಚಾರ್ಜ್ ಚೀಟಿಯಲ್ಲೋ ಬರೆದಿರಬೇಕು. ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಮನೆಯಲ್ಲಿ ತಟ್ಟೆ ಬಡಿದು ಪರೀಕ್ಷಿಸುವುದನ್ನು ದಯವಿಟ್ಟು ನಂಬಬೇಡಿ. 50 ಡೆಸಿಬೆಲ್ ಕಿವುಡಿರುವ ಮಗುವೂ ತಟ್ಟೆಯ ಸದ್ದಿಗೆ ಬೆಚ್ಚುತ್ತದೆ, ಅಮ್ಮನ ಮಾತು ಮಾತ್ರ ಅದಕ್ಕೆ ಅರೆಬರೆ. ಪೂರ್ತಿ ಕೇಳದ ಮಗುವೂ ನೆರಳು ಕಂಡು, ನೆಲದ ಅದುರು ತಿಳಿದು ತಿರುಗುತ್ತದೆ. ಇನ್ನೊಂದು ಮೋಸ: ಕಿವುಡು ಮಗುವೂ ಮೊದಲ ತಿಂಗಳುಗಳಲ್ಲಿ ಊಂ, ಆಂ ಎಂದು ತೊದಲುತ್ತದೆ, ಆಮೇಲೆ ತೊದಲು ಬೆಳೆಯದೆ ಸೊರಗುತ್ತದೆ. ಒಂದು ವರ್ಷ ಕಳೆದರೂ ಹೆಸರು ಕರೆದಾಗ ತಿರುಗದಿದ್ದರೆ, ಎರಡಕ್ಕೆ 'ಹಾಲು ಬೇಕು' ಎಂಬಂಥ ಎರಡು ಪದ ಜೋಡಿಸದಿದ್ದರೆ, 'ಅವರಪ್ಪನೂ ತಡವಾಗೇ ಮಾತಾಡಿದ್ದು' ಎನ್ನುವ ಅಜ್ಜಿಯ ಸಮಾಧಾನವನ್ನು ಬದಿಗಿಡಿ.

ಹುಟ್ಟು ಕಿವುಡಿನ ಕಾರಣಗಳಲ್ಲಿ ನಮ್ಮ ರಾಜ್ಯಕ್ಕೆ ತೀರಾ ಹತ್ತಿರದ್ದು ಸೋದರಮಾವ, ಅತ್ತೆ ಮಗ ಎಂದು ರಕ್ತಸಂಬಂಧದಲ್ಲಿ ಮಾಡುವ ಮದುವೆ. ತಂದೆ ತಾಯಿ ಇಬ್ಬರಲ್ಲೂ ಅಡಗಿರುವ ಒಂದೇ ದೋಷದ ವಂಶವಾಹಿ ಮಗುವಿನಲ್ಲಿ ಕೂಡಿಕೊಳ್ಳುತ್ತದೆ. ಇಬ್ಬರಿಗೂ ಕಿವಿ ಚೆನ್ನಾಗಿಯೇ ಇರುತ್ತದೆ. ಹೀಗೆ ಎರಡೂ ಕಡೆಯಿಂದ ಬಂದಾಗ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಮೊದಲ ಮಗು ಸರಿಯಿದೆ ಎಂಬುದು ಎರಡನೆಯದಕ್ಕೆ ಭರವಸೆಯಲ್ಲ. ಗರ್ಭಿಣಿಗೆ ಬರುವ ರುಬೆಲ್ಲಾ ಇನ್ನೊಂದು ಕಾರಣ. 2017ರ ಫೆಬ್ರುವರಿಯಲ್ಲಿ ದಡಾರ–ರುಬೆಲ್ಲಾ ಲಸಿಕೆ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಈಗ 9 ತಿಂಗಳಿಗೊಮ್ಮೆ, 16ರಿಂದ 24 ತಿಂಗಳ ನಡುವೆ ಇನ್ನೊಮ್ಮೆ ಈ ಲಸಿಕೆ ಇದೆ. ಎರಡನೆಯದನ್ನು ಮರೆಯುವುದು ಸಾಮಾನ್ಯ.

ವರ್ಷಗಳ ಗಡುವಿನದು ಇನ್ನು ಮುಂದಿನದು. ಎರಡೂ ಕಿವಿಯಲ್ಲಿ ತೀವ್ರ ದೋಷವಿದ್ದು ಶ್ರವಣ ಸಾಧನದಿಂದ ಪ್ರಯೋಜನವಾಗದ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಒಳಗಿವಿಯಲ್ಲಿ ಎಲೆಕ್ಟ್ರೋಡ್‌ಗಳನ್ನಿಟ್ಟು ನರಕ್ಕೆ ನೇರ ವಿದ್ಯುತ್ ಸಂಕೇತ ಕೊಡುವ ಯಂತ್ರ. ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರದ ಅಡಿಪ್ ಯೋಜನೆಯಲ್ಲಿ, ರಾಜ್ಯದ ಶ್ರವಣ ಸಂಜೀವಿನಿಯಲ್ಲಿ ಅರ್ಹರಿಗೆ ನೆರವಿದೆ. ಶಸ್ತ್ರಚಿಕಿತ್ಸೆಯ ದಿನವೇ ಮಗು ಕೇಳಿಬಿಡುತ್ತದೆ ಎಂಬುದು ಪತ್ರಿಕೆಗಳ ಫೋಟೊಗಳಿಂದ ಹುಟ್ಟಿದ ಭ್ರಮೆ. ಗಾಯ ಮಾಗಿದ ಮೇಲೆ, ಸುಮಾರು ಎರಡರಿಂದ ನಾಲ್ಕು ವಾರಕ್ಕೆ, ಹೊರಗಿನ ಪ್ರೊಸೆಸರ್ ಜೋಡಿಸಿ 'ಸ್ವಿಚ್ ಆನ್' ಮಾಡುತ್ತಾರೆ. ಆಮೇಲೆ ಪ್ರತಿ ಎಲೆಕ್ಟ್ರೋಡಿಗೂ ಎಷ್ಟು ವಿದ್ಯುತ್ ಎಂದು ಪದೇಪದೇ ಮ್ಯಾಪಿಂಗ್, ಜೊತೆಗೆ ವರ್ಷಗಟ್ಟಲೆ ಕೇಳಿಸಿ ಮಾತಾಡಿಸುವ ತರಬೇತಿ. ಮಿದುಳು ಸದ್ದನ್ನು ಮಾತಾಗಿ ಕಲಿಯುವ ಕಾಲ ಮೊದಲ ಮೂರು–ಮೂರೂವರೆ ವರ್ಷ. ಐದರ ಹೊಸ್ತಿಲಲ್ಲಿ ಬಂದವರಿಗೆ ಅದೇ ಯಂತ್ರ ಸದ್ದನ್ನು ಕೊಡುತ್ತದೆ, ಮಾತನ್ನು ಕಷ್ಟಪಟ್ಟು ಕೊಡುತ್ತದೆ. ಪ್ರೊಸೆಸರಿನ ಕೇಬಲ್, ಕಾಯಿಲ್, ಬ್ಯಾಟರಿ ಕೆಡುತ್ತಲೇ ಇರುತ್ತವೆ. ವಾರಂಟಿ ಮುಗಿದ ಮೇಲಿನ ಆ ಖರ್ಚನ್ನು ಯಾರು ಹೊರುತ್ತಾರೆ ಎಂದು ಮೊದಲೇ ಕೇಳಿ. ಮಗು ಹೊರಗಿನ ತುಂಡು ಕಳಚಿ ಆರು ತಿಂಗಳು ಕೂತರೆ ಒಳಗಿನದು ಬರೀ ಲೋಹ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಪರೀಕ್ಷೆಗೂ ತರಬೇತಿಗೂ ನಮ್ಮ ದೊಡ್ಡ ಆಸರೆ. ಆದರೆ ಬೀದರಿನ ತಾಯಿ ವಾರಕ್ಕೆರಡು ಸಲ ಮೈಸೂರಿಗೆ ಬರಲಾರಳು. ತರಬೇತಿ ಜಿಲ್ಲಾಸ್ಪತ್ರೆಯಲ್ಲೇ ಸಿಗದೆ ಹೋದರೆ ಶಸ್ತ್ರಚಿಕಿತ್ಸೆಯ ಹಣ ಅರ್ಧ ನೀರುಪಾಲು.

ಕಿವಿ ಸೋರುವುದು ಇನ್ನೊಂದು ತೆರ. ಹೆಚ್ಚಾಗಿ ತಮಟೆಯಲ್ಲಿ ತೂತಿದೆ ಎಂದರ್ಥ. ಅಲ್ಲಿ ಬಿಟ್ಟ ಎಣ್ಣೆ ನೇರ ನಡುಗಿವಿಗೆ ಇಳಿಯುತ್ತದೆ. ಕಿವಿ ಒಣಗಿರುವುದೇ ಮೊದಲ ಚಿಕಿತ್ಸೆ. ಹತ್ತಿಯನ್ನು ಸಡಿಲ ಬತ್ತಿಯಂತೆ ಹೊಸೆದು ಕಿವಿಯ ಬಾಯಲ್ಲಿಟ್ಟು ಹೀರಿಸಿ, ಒದ್ದೆಯಾದಂತೆ ಬದಲಿಸಿ. ಒಣಗಿದ ಮೇಲೆ ವೈದ್ಯರು ಬರೆದ ಹನಿಯ ಸೀಸೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ಬಿಡಿ (ತಣ್ಣನೆಯ ಹನಿ ಬಿದ್ದರೆ ತಲೆ ಗಿರ್ರೆನ್ನುತ್ತದೆ). ಆ ಕಿವಿ ಮೇಲಿರುವಂತೆ ಐದು ನಿಮಿಷ ಮಗ್ಗುಲಾಗಿ ಮಲಗಿ, ಕಿವಿಯ ಮುಂದಿನ ಪುಟ್ಟ ಮೃದ್ವಸ್ಥಿಯನ್ನು ನಾಲ್ಕೈದು ಬಾರಿ ಒತ್ತಿ ಬಿಡಿ. ಸ್ನಾನಕ್ಕೆ ಮುಂಚೆ ವ್ಯಾಸಲೀನ್ ಸವರಿದ ಹತ್ತಿ. ಜೆಂಟಾಮೈಸಿನ್‌ನಂಥ ಹನಿಯನ್ನು ತೂತಿರುವ ಕಿವಿಗೆ ತಾವಾಗಿ ತಂದು ಬಿಡಬಾರದು. ಆ ಔಷಧಿಯೇ ಒಳಗಿವಿಗೆ ವಿಷವಾಗಬಲ್ಲದು. ಒಣಗಿದ ತೂತನ್ನು ಕಿವಿಯ ಮೇಲಿನ ಸ್ನಾಯುಪೊರೆಯಿಂದ ತೇಪೆ ಹಾಕಿ ಮುಚ್ಚಬಹುದು. ಆದರೆ ಸ್ರಾವ ಸ್ವಲ್ಪವೇ ಇದ್ದು ಕೊಳೆತ ನಾತವಿದ್ದರೆ ಅದು ಮೂಳೆ ತಿನ್ನುವ ಬಗೆ. ಜೊತೆಗೆ ಮುಖ ಸೊಟ್ಟಗಾದರೆ, ಜ್ವರ, ತಲೆನೋವು, ವಾಂತಿ ಬಂದರೆ ಅದೇ ರಾತ್ರಿ ದೊಡ್ಡಾಸ್ಪತ್ರೆ.

ತೂತಿಲ್ಲದ ಕಿವಿಗಾದರೂ ಎಣ್ಣೆ ಬಿಡಬಹುದಲ್ಲ ಎನ್ನುವವರಿಗೆ: ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಎಣ್ಣೆಯ ಪಸೆ ಬೂಸ್ಟಿಗೆ ಹದವಾದ ನೆಲ. ವೈದ್ಯರು ಒಳಗೆ ನೋಡಿದರೆ ನೆನೆದ ನ್ಯೂಸ್‌ಪೇಪರಿನಂಥ ಬಿಳಿ–ಕಪ್ಪು ಮುದ್ದೆ.

ಸದ್ದಿನ ಮಾತಿಗೆ ಬರೋಣ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಹೊತ್ತು ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್‌ಗೆ ಬಂದಾಗ ಉಳಿಯುವುದು 15 ನಿಮಿಷ. ನಮ್ಮ ಕಾರ್ಖಾನೆ ನಿಯಮಗಳು 8 ಗಂಟೆಗೆ 90ರವರೆಗೆ ಬಿಡುತ್ತವೆ, ಅದೇ ಸಡಿಲ. ದೊಡ್ಡಬಳ್ಳಾಪುರ, ಬನಹಟ್ಟಿಯ ಮನೆಮನೆಯ ವಿದ್ಯುತ್ ಮಗ್ಗಗಳನ್ನು ಅಳೆಯುವವರಂತೂ ಇಲ್ಲ. ಕೈಯಳತೆಯ ದೂರದಲ್ಲಿರುವವರ ಜೊತೆ ದನಿ ಏರಿಸಿ ಮಾತಾಡಬೇಕಾದರೆ 85 ದಾಟಿದೆ ಎಂದುಕೊಳ್ಳಿ. ಹಾನಿ ಮೊದಲು ಕಾಣುವುದು ಆಡಿಯೋಗ್ರಾಂನ 4,000 ಹರ್ಟ್ಸ್ ಸುತ್ತಿನ ಗುಂಡಿಯಾಗಿ. ನೇಕಾರರಿಗೆ ಆಗ ಏನೂ ಗೊತ್ತಾಗಿರುವುದಿಲ್ಲ. ಸತ್ತ ಕೂದಲ ಕೋಶ ಮತ್ತೆ ಹುಟ್ಟುವುದಿಲ್ಲ. ಕಿವಿಗೆ ಹತ್ತಿ ತುರುಕುವುದು ಹೆಸರಿಗೆ ಮಾತ್ರ. ಫೋಮ್ ಬಿರಡೆಯನ್ನು ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಹೊರಗೆ ಪೂರ್ತಿ ಕಾಣುತ್ತಿದ್ದರೆ ಹಾಕಿದ್ದು ಸುಳ್ಳು.

ಇನ್ನು ಮುಪ್ಪಿನ ಕಿವಿ. 'ಕೇಳಿಸುತ್ತದೆ, ತಿಳಿಯುವುದಿಲ್ಲ' ಎಂಬುದು ಹಿರಿಯರ ನಿಖರವಾದ ದೂರು. ಮೊದಲು ಕಳೆಯುವುದು ಎತ್ತರದ ಸ್ಥಾಯಿ. ಸ್ವರಗಳು ಉಳಿದು ಸ, ಶ, ಚ, ತ ಮಸುಕಾಗುತ್ತವೆ. ಪಂಕ್ತಿಯಲ್ಲಿ 'ಸಾಕು' ಎಂದರೆ 'ಹಾಕು' ಎಂದಂತೆ ಕೇಳುತ್ತದೆ. 'ಬೇಕಾದ್ದು ಮಾತ್ರ ಕೇಳುತ್ತೆ ಇವರಿಗೆ' ಎಂಬ ಸೊಸೆಯಂದಿರ ಚುಚ್ಚುಮಾತಿಗೆ ಇದೇ ಮೂಲ. ಕೂಗಿದರೆ ಸ್ವರ ಮಾತ್ರ ದೊಡ್ಡದಾಗಿ ಕಿವಿ ನೋಯುತ್ತದೆ. ಟಿವಿ ನಿಲ್ಲಿಸಿ, ಬೆಳಕಿನಲ್ಲಿ ಎದುರಿಗೆ ಕೂತು, ತಡೆತಡೆದು ಹೇಳಿದರೆ ಅರ್ಧ ಜಗಳ ತಪ್ಪುತ್ತದೆ.

ಶ್ರವಣ ಸಾಧನ, ಅಂದರೆ ಕಿವಿಯ ಮಿಷನ್, ಕೊಂಡು ಡ್ರಾಯರಿಗೆ ಹಾಕುವುದು ನಮ್ಮಲ್ಲಿ ಮಾಮೂಲು. ಎರಡೂ ಕಿವಿ ಮಂದವಿದ್ದು ಒಂದಕ್ಕೇ ಕೊಂಡಿದ್ದರೆ ಗದ್ದಲದಲ್ಲಿ ಮಾತು ಬೇರ್ಪಡುವುದಿಲ್ಲ. ಮೊದಲ ದಿನವೇ ಮದುವೆಮನೆಗೆ ಹಾಕಿಕೊಂಡು ಹೋದವರು ಮತ್ತೆ ಹಾಕುವುದಿಲ್ಲ. ಮನೆಯ ಮೌನದಲ್ಲಿ ದಿನಕ್ಕೆ ಒಂದೆರಡು ಗಂಟೆಯಿಂದ ಶುರುಮಾಡಿ ಕೆಲವು ವಾರಗಳಲ್ಲಿ ದಿನಪೂರ್ತಿಗೆ ಏರಿಸಬೇಕು. ಕುಯ್ಯೆಂದು ಸಿಳ್ಳೆ ಹೊಡೆದರೆ ಮಿಷನ್ ಕೆಟ್ಟಿದೆ ಎಂದಲ್ಲ. ಕಿವಿಯ ಅಚ್ಚಿಗೆ ಮಾಡಿದ ಬಿರಡೆ (ಮೋಲ್ಡ್) ಸಡಿಲವಾಗಿದೆ, ಸರಿಯಾಗಿ ಕೂತಿಲ್ಲ, ಅಥವಾ ಕಿವಿಯಲ್ಲಿ ಗುಗ್ಗೆ ತುಂಬಿದೆ. ಮೋಲ್ಡನ್ನು ಮಿಷನ್ನಿನಿಂದ ಬಿಡಿಸಿ ಬೆಚ್ಚನೆ ಸೋಪುನೀರಲ್ಲಿ ತೊಳೆದು, ಕೊಳವೆಯೊಳಗಿನ ನೀರು ಊದಿ ತೆಗೆದು, ಒಣಗಿಸಿ ಜೋಡಿಸಿ. ಹಳದಿಗಟ್ಟಿ ಬಿರುಸಾದ ಕೊಳವೆಯನ್ನು ಬದಲಿಸಬೇಕು. ಸೆಲ್ಲಿನ ಸ್ಟಿಕರ್ ಕಿತ್ತ ಮೇಲೆ ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಿದರೆ ಪೂರ್ಣ ಬಲ ಬರುತ್ತದೆ. ಗಾಳಿ ತಾಗಿದ ಕೂಡಲೇ ಅದರ ಆಯುಸ್ಸು ಶುರು, ಸ್ಟಿಕರ್ ಮರಳಿ ಅಂಟಿಸಿ ಉಳಿಸಲಾಗದು. ರಾತ್ರಿ ಮಿಷನ್ನಿನ ಸೆಲ್ಲಿನ ಬಾಗಿಲು ತೆರೆದು, ತೇವ ಹೀರುವ ಸಿಲಿಕಾ ಜೆಲ್ ಡಬ್ಬಿಯಲ್ಲಿಡಿ. ಕೆಂಪು ಗುರುತು ಬಲಗಿವಿಗೆ, ನೀಲಿ ಎಡಕ್ಕೆ. ಫೋನನ್ನು ಕಿವಿಯ ತೂತಿಗಲ್ಲ, ಕಿವಿಯ ಮೇಲಿರುವ ಮಿಷನ್ನಿನ ಮೈಕಿಗೆ ಹಿಡಿಯಬೇಕು. ಈ ಒಂದು ಮಾತು ಹೇಳದೆ ಮಾರುವವರೇ ಹೆಚ್ಚು.

ಮಾರುವವರ ಮಾತು ಬಂದದ್ದಕ್ಕೆ ಕೊನೆಯದೊಂದು. 'ಉಚಿತ ಶ್ರವಣ ತಪಾಸಣೆ' ಎಂಬ ಜಾಹೀರಾತುಗಳು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಕಲ್ಯಾಣಮಂಟಪದ ಮೂಲೆಯಲ್ಲಿ ಫ್ಯಾನ್ ತಿರುಗುತ್ತಿರುವಾಗ ಮಾಡಿದ ಪರೀಕ್ಷೆ ಪರೀಕ್ಷೆಯಲ್ಲ. ಸದ್ದು ನುಸುಳದ ಕೋಣೆ ಬೇಕು. ಹೆಡ್‌ಫೋನಿನ ಜೊತೆಗೆ ಕಿವಿಯ ಹಿಂದಿನ ಮೂಳೆಗೂ ಸಾಧನವಿಟ್ಟು ನೋಡಬೇಕು. ಎರಡರ ನಡುವೆ ಅಂತರವಿದ್ದರೆ ದೋಷ ಹೊರಗಿವಿಯದೋ ನಡುಗಿವಿಯದೋ ಇರಬೇಕು. ಎಷ್ಟೋ ಬಾರಿ ಔಷಧಿಯಲ್ಲೋ ಶಸ್ತ್ರಚಿಕಿತ್ಸೆಯಲ್ಲೋ ಸರಿಹೋಗುವಂಥದು, ಮಿಷನ್ನೇ ಬೇಡ. ಆಡಿಯೋಗ್ರಾಂನ ಪ್ರತಿಯನ್ನು ಕೇಳಿ ಪಡೆಯಿರಿ. ಕೊಡುವುದಿಲ್ಲ ಎಂದರೆ ಅಲ್ಲಿ ಕೊಳ್ಳಬೇಡಿ. ಅಂಥ ಜಾಹೀರಾತಿನ ಪಕ್ಕದಲ್ಲೇ ಈ ಪತ್ರ ಅಚ್ಚಾದರೂ ನಮ್ಮ ಅಭ್ಯಂತರವಿಲ್ಲ.

— ಇಬ್ಬರು ಶ್ರವಣ ತಜ್ಞರು, ಮೈಸೂರು